ಇಂಬಳಕ್ಕೆ (ಜಿಗಣೆಗೆ) ಉಪ್ಪು ಹಾಕಿದರೆ ಯಾಕೆ ಮುದುಡುತ್ತದೆ?

ಪ್ರಶ್ನೆ:
ನಮ್ಮದು ಮಡಿಕೇರಿ ಹತ್ತಿರ ಕಾಫಿ ತೋಟ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಕಾಲಿಗೆ ಇಂಬಳ ಗ್ಯಾರಂಟಿ. ಅಜ್ಜಿ ಚಿಟಿಕೆ ಉಪ್ಪು ಹಾಕುತ್ತಾರೆ, ಅದು ಮುದುಡಿ ಬಿದ್ದುಬಿಡುತ್ತದೆ. ಪಿಯುಸಿಯಲ್ಲಿ ಆಸ್ಮಾಸಿಸ್ ಓದಿದೆ, ಇದೂ ಅದೇ ಅಲ್ವಾ? ಉಪ್ಪು ಒಳಗೆ ಹೋಗಿ ಸುಡುತ್ತದೋ, ನೀರು ಹೊರಗೆ ಬರುತ್ತದೋ?

ಉತ್ತರ 1:
ಉರಿಯೂ ಆಗುತ್ತದೆ, ಆದರೆ ಮುದುಡುವುದು ನೀರು ಹೊರಗೆ ಬರುವುದರಿಂದ. ಜೀವಕೋಶದ ಪೊರೆ ಎರಡು ಪದರದ ಕೊಬ್ಬಿನ ಅಣುಗಳಿಂದ ಆಗಿದೆ, ಸೋಡಿಯಂ ಮತ್ತು ಕ್ಲೋರೈಡ್‌ಗೆ ವಿದ್ಯುದಾವೇಶ ಇರುವುದರಿಂದ ಅವು ಸುಲಭವಾಗಿ ದಾಟುವುದಿಲ್ಲ, ನೀರು ಮಾತ್ರ ದಾಟುತ್ತದೆ, ಹಾಗಾಗಿ ಉಪ್ಪು ಜಾಸ್ತಿ ಇರುವ ಕಡೆಗೆ ನೀರೇ ಹರಿಯುತ್ತದೆ. ಇದೇ ಆಸ್ಮಾಸಿಸ್. ಪೊರೆಯಲ್ಲಿ ನೀರಿಗೆಂದೇ ಸಣ್ಣ ದಾರಿಗಳೂ ಇವೆ, ಅಕ್ವಾಪೊರಿನ್ ಅಂತ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಷ್ಟು ಚೆಂದದ ವಿಷಯ ನೋಡಿ!

ಉತ್ತರ 2:
ನಾನು ನರ್ಸ್, ವಿರಾಜಪೇಟೆ ಕಡೆಯವಳು. ಡ್ರಿಪ್ ಸಲೈನ್‌ನಲ್ಲಿ 0.9% ಉಪ್ಪು ಇರುವುದೂ ಇದಕ್ಕೇ. ಬರೀ ನೀರಿನಲ್ಲಾದರೆ ನೀರು ಒಳಗೆ ನುಗ್ಗಿ ಕೆಂಪು ರಕ್ತಕಣ ಉಬ್ಬಿ ಒಡೆಯುತ್ತದೆ. ಇಂಬಳವನ್ನು ಸುಮ್ನೆ ಎಳೆಯಬೇಡಿ, ಬಾಯಿಯ ಪಕ್ಕ ಉಗುರು ಜಾರಿಸಿ ಬಿಡಿಸಿ. ಆಮೇಲೂ ರಕ್ತ ಸುರಿದರೆ ಹೆದರಬೇಡಿ, ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಅದರ ಜೊಲ್ಲಿನಲ್ಲಿದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಡುವುದೂ ಇದೇನಾ?

ಉತ್ತರ 1:
ಹೌದು. ಆದರೆ ಗಿಡದ ಕೋಶಕ್ಕೆ ಸೆಲ್ಯುಲೋಸ್ ಗೋಡೆ ಇದೆ, ಅದಕ್ಕೇ ಗೋಡೆ ಹಾಗೇ ನಿಂತು ಒಳಗಿನ ಪೊರೆ ಮಾತ್ರ ಕುಗ್ಗಿ ಬೇರೆಯಾಗುತ್ತದೆ. ಕೆಂಪು ಈರುಳ್ಳಿಯ ತೆಳು ಸಿಪ್ಪೆಗೆ ಉಪ್ಪುನೀರು ಹಾಕಿ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿ.