‘ಎರಡನೇ ದರ್ಜೆಯ ನಗರ’ ಎಂಬಲ್ಲಿ ದರ್ಜೆ ಯಾವುದು, ನಗರ ಯಾವುದು?

ಮಾನ್ಯರೇ,

ಕಲಬುರಗಿ ಸೀಮೆಯ ಊರುಗಳ ಬೆಳವಣಿಗೆಯನ್ನು ಕುರಿತ ಲೇಖನವೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಕಲಬುರಗಿಯನ್ನು ಒಂದು ಕಡೆ ‘ಮಹಾನಗರ’ ಎಂದೂ, ಇನ್ನೊಂದು ಕಡೆ ‘ಎರಡನೇ ದರ್ಜೆಯ ನಗರ’ ಎಂದೂ, ಕೋಷ್ಟಕದಲ್ಲಿ ‘ಒಂದನೇ ವರ್ಗದ ಪಟ್ಟಣ’ ಎಂದೂ ಬರೆಯಲಾಗಿದೆ. ಮೂರಕ್ಕೂ ಆಧಾರವಿದೆ, ಆದರೆ ಆಧಾರಗಳು ಬೇರೆ ಬೇರೆ. ಯಾವ ಅಳತೆಯ ಪ್ರಕಾರ ಹೇಳುತ್ತಿದ್ದೇವೆ ಎಂಬುದು ಪದದಿಂದಲೇ ತಿಳಿಯುವ ಹಾಗೆ ಬರೆಯಲು ಬರುತ್ತದೆಯೇ ಎಂದು ಕೇಳಬೇಕಾಗಿದೆ.

ಮೊದಲನೆಯದು ಆಡಳಿತದ ಅಳತೆ. ನಮ್ಮ ರಾಜ್ಯದ ಪುರಸಭೆಗಳ 1964ರ ಮತ್ತು ಮಹಾನಗರ ಪಾಲಿಕೆಗಳ 1976ರ ಕಾಯಿದೆಗಳ ಪ್ರಕಾರ, ಸ್ಥೂಲವಾಗಿ ಹೇಳುವುದಾದರೆ, 10 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಜನಸಾಂದ್ರತೆ, ವರಮಾನ, ಬೇಸಾಯದ ಹೊರಗಿನ ದುಡಿಮೆ ಇವನ್ನೂ ನೋಡುತ್ತಾರೆ. ಹೀಗಾಗಿ ಬೀದರ ಜಿಲ್ಲೆಯ ಔರಾದ ‘ಪಟ್ಟಣ’, ಆಳಂದ ‘ಪುರ’, ಯಾದಗಿರಿ ‘ನಗರ’ ಆಗಿವೆ. ನಿಘಂಟಿನಲ್ಲಿ ಒಂದಕ್ಕೊಂದು ಪರ್ಯಾಯವಾಗಿ ಕೂತಿರುವ ಪದಗಳನ್ನು ಕಾಯಿದೆಯ ಕನ್ನಡವು ಮೇಲುಕೆಳಗಾಗಿ ನಿಲ್ಲಿಸಿದೆ. ಈ ಅನುಕ್ರಮಕ್ಕೆ ಭಾಷೆಯೊಳಗಿನ ಕಾರಣ ನನಗಂತೂ ಕಾಣುವುದಿಲ್ಲ.

ಹಳಬರ ವಿಂಗಡಣೆ ಬೇರೆಯೇ ಆಗಿತ್ತು. ಅಮೋಘವರ್ಷನ ಗುರುವಾಗಿದ್ದ ಜಿನಸೇನರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣದಲ್ಲಿ ಊರಿನ ಬಗೆಗಳನ್ನು ಹೆಚ್ಚಾಗಿ ಅದು ನಿಂತ ನೆಲ ನೋಡಿ ಹೇಳಲಾಗಿದೆ: ನದಿ ಮತ್ತು ಬೆಟ್ಟಗಳಿಂದ ಆವರಿಸಿದ್ದು ಖೇಟ, ಬರೀ ಬೆಟ್ಟಗಳಿಂದ ಆವರಿಸಿದ್ದು ಖರ್ವಟ, ಐನೂರು ಹಳ್ಳಿಗಳ ನಡುವಿನದು ಮಡಂಬ, ನದಿಯ ದಡದ್ದು ದ್ರೋಣಮುಖ, ಜನರು ಹಡಗಿನಿಂದ ಇಳಿಯುವ ಕಡಲತಡಿಯದು ಪತ್ತನ, ಅಂದರೆ ನಮ್ಮ ‘ಪಟ್ಟಣ’. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಶಾಸನಗಳ ಪ್ರಶಸ್ತಿಭಾಗದಲ್ಲಿಯೂ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ ಎಂದು ಇದೇ ಪದಗಳು ಸಾಲಾಗಿ ಬರುತ್ತವೆ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಮಾನ್ಯಖೇಟ, ಹೆಸರಿನಲ್ಲಿಯೇ ಒಂದು ಬಗೆಯನ್ನು ಉಳಿಸಿಕೊಂಡಿದೆ. ಅಲ್ಲಿ ಕಾಗಿಣಾ ನದಿಯೇನೋ ಇದೆ, ಹೇಳಿಕೊಳ್ಳುವಂಥ ಬೆಟ್ಟ ಮಾತ್ರ ಇಲ್ಲ. ಆ ಲೆಕ್ಕ ಹಿಡಿದರೆ ಕಡಲಿನಿಂದ ಇಷ್ಟು ದೂರದ ಔರಾದ ‘ಪಟ್ಟಣ’ವಾದದ್ದಕ್ಕೆ ಜಿನಸೇನರು ಒಪ್ಪುತ್ತಿರಲಿಲ್ಲ.

ಎರಡನೆಯದು ಜನಗಣತಿಯ ಅಳತೆ. ಅಲ್ಲಿ ಆರು ವರ್ಗಗಳು. 1 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ಊರೆಲ್ಲ ಒಂದನೇ ವರ್ಗ, 50 ಸಾವಿರದಿಂದ ಲಕ್ಷದೊಳಗಿನದು ಎರಡನೇ ವರ್ಗ. 2011ರ ಗಣತಿಯಂತೆ 5 ಲಕ್ಷ 33 ಸಾವಿರ ದಾಟಿದ ಕಲಬುರಗಿಯೂ 2 ಲಕ್ಷ ದಾಟಿದ ಬೀದರವೂ ಒಂದೇ ವರ್ಗಕ್ಕೆ ಸೇರಿದರೆ, 74 ಸಾವಿರದ ಯಾದಗಿರಿ ಎರಡನೆಯದಕ್ಕೆ ಸೇರುತ್ತದೆ. ಬ್ಯಾಂಕ್ ಶಾಖೆಗಳಿಗಾಗಿ ರಿಸರ್ವ್ ಬ್ಯಾಂಕು ಬಳಸುವ ಟಿಯರ್‌ಗಳೂ, ಅಂದರೆ ಊರುಗಳ ಸ್ತರಗಳೂ, ಇದೇ ಗಡಿಗಳನ್ನು ಅನುಸರಿಸುತ್ತವೆ. ಅಂದಮೇಲೆ ಬ್ಯಾಂಕಿನವರ ಬಾಯಲ್ಲಿ ‘ಟಿಯರ್-2’ ಎಂದರೆ ಯಾದಗಿರಿ, ನಿವೇಶನ ಮಾರುವವರ ಬಾಯಲ್ಲಿ ‘ಟಿಯರ್-2’ ಎಂದರೆ ಕಲಬುರಗಿ.

ಮೂರನೆಯದು ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಯ ಅಳತೆ. ಎ-1, ಎ, ಬಿ-1 ಮುಂತಾದ ಹಳೆಯ ಗುರುತುಗಳ ಬದಲು ಆರನೇ ವೇತನ ಆಯೋಗದ ಕಾಲದಿಂದ ಎಕ್ಸ್, ವೈ, ಝಡ್ ಬಂದಿವೆ. 50 ಲಕ್ಷ ದಾಟಿದ್ದರಿಂದ ಬೆಂಗಳೂರು ಎಕ್ಸ್, 5 ಲಕ್ಷ ದಾಟಿದ್ದರಿಂದ ಕಲಬುರಗಿ ವೈ. ಕರಡಿನಲ್ಲಿರುವ ‘ಎರಡನೇ ದರ್ಜೆ’ ಇಲ್ಲಿಂದ ಬಂದದ್ದು.

ಇನ್ನು ಪದಗಳ ತೊಡಕು. ‘ದರ್ಜೆ’ ಎಂದೊಡನೆ ದ್ವಿತೀಯ ದರ್ಜೆ ಸಹಾಯಕರ ನೆನಪಾಗಿ, ಊರಿಗೇ ಏನೋ ಕಡಿಮೆಯೆಂಬ ಧ್ವನಿ ಹೊರಡುತ್ತದೆ. ಪತ್ರಿಕೆಗಳ ‘ಎರಡನೇ ಹಂತದ ನಗರ’ ಎಂಬುದು ಕಾಮಗಾರಿಯ ಎರಡನೇ ಹಂತದಂತೆ ಕೇಳಿಸುತ್ತದೆ. ‘ಶ್ರೇಣಿ’ ಚೆನ್ನಾಗಿಯೇ ಇದೆ, ಆದರೆ ಭತ್ಯೆಯ ವಿಷಯ ಬರೆಯುವಾಗ ವೇತನ ಶ್ರೇಣಿಯೊಂದಿಗೆ ಕಲಸಿಹೋಗುತ್ತದೆ. ಆದ್ದರಿಂದ ಜನಗಣತಿಗೆ ‘ವರ್ಗ’, ಬ್ಯಾಂಕಿನ ಟಿಯರ್‌ಗೆ ‘ಸ್ತರ’, ಭತ್ಯೆಗೆ ‘ವೈ ಗುಂಪು’ ಎಂದು ಬರೆದು, ‘ದರ್ಜೆ’ಯನ್ನು ಪೂರ್ತಿ ಕೈಬಿಡಬಹುದೆಂದು ನನಗೆ ತೋರುತ್ತದೆ. ‘ಮಹಾನಗರ’ದ ಪೇಚು ಇದಕ್ಕಿಂತ ದೊಡ್ಡದು: ಸಂವಿಧಾನದ 243ಪಿ ವಿಧಿಯ ಮೆಟ್ರೊಪಾಲಿಟನ್ ಪ್ರದೇಶಕ್ಕೆ 10 ಲಕ್ಷ ಜನ ಬೇಕು, ಅದರ ಅರ್ಧದಷ್ಟಿರುವ ಕಲಬುರಗಿಗೆ ಮಹಾನಗರ ಪಾಲಿಕೆ ಇದೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರು ದಾರಿ ತಪ್ಪುತ್ತಾರೆ. ‘ಮಹಾನಗರ’ವನ್ನು ‘ಪಾಲಿಕೆ’ಯ ಜೊತೆಗಷ್ಟೇ ಉಳಿಸಿಕೊಂಡು, 10 ಲಕ್ಷದವಕ್ಕೆ ‘ಮೆಟ್ರೊ ನಗರ’ ಎಂದೇ ಬರೆಯಬಹುದೇ?

ಕೊನೆಯದಾಗಿ, ಇವೆಲ್ಲವನ್ನೂ ಒಟ್ಟಾಗಿ ಸೂಚಿಸುವ, ಮೇಲುಕೆಳಗಿಲ್ಲದ ಪದವೊಂದು ಬೇಕಾಗಿದೆ. ‘ನಗರ ಪ್ರದೇಶ’ ಎಂದರೆ ನಗರಸಭೆಯ ಎಲ್ಲೆಯೆಂಬ ಅರ್ಥ ಬರುತ್ತದೆ. ‘ಊರು’ ಹಳ್ಳಿಯನ್ನೂ ಒಳಗೊಳ್ಳುತ್ತದೆ. ನಮ್ಮ ಭಾಗದ ಆಡುಮಾತಿನಲ್ಲಿರುವ, ಉತ್ತರ ಕರ್ನಾಟಕದ ಪೊಲೀಸ್ ಠಾಣೆಗಳ ಹೆಸರಿನಲ್ಲಿಯೂ ಸಿಗುವ ‘ಶಹರ’ ಇದಕ್ಕೆ ಒಗ್ಗುತ್ತದೆ. ಈ ಪದವನ್ನು ಮೈಸೂರು, ಕರಾವಳಿ ಕಡೆಯ ಓದುಗರು ಬರವಣಿಗೆಯಲ್ಲಿ ಹೇಗೆ ಸ್ವೀಕರಿಸುತ್ತಾರೆ ಎಂಬುದನ್ನು ಆ ಕಡೆಯ ಸದಸ್ಯರು ದಯವಿಟ್ಟು ತಿಳಿಸಬೇಕು.