ಹಳ್ಳ ದಾಟಿದ ಮೇಲೆ ಕ್ಯಾಂಪರ್ ಟ್ರೈಲರ್‌ನ ಎಡ ಹಬ್ ಕೈ ಸುಡುವಷ್ಟು ಬಿಸಿ, ಎರಡನೇ ಬೇರಿಂಗೂ ಹೋಯಿತು

ತುಂಗಾತೀರ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಗಾಡಿ ಥಾರ್ ಡೀಸೆಲ್, ಫೋರ್ ಬೈ ಫೋರ್. ಹಿಂದೆ ಒಂದೇ ಆಕ್ಸಲ್‌ನ ಸಣ್ಣ ಕ್ಯಾಂಪರ್ ಟ್ರೈಲರ್, ಆರ್ಡರ್ ಕೊಟ್ಟು ಮಾಡಿಸಿದ್ದು. ಮೇಲೆ ಟೆಂಟ್, ಹಿಂಭಾಗದಲ್ಲಿ ಅಡುಗೆ ಪೆಟ್ಟಿಗೆ, 60 ಲೀಟರ್ ನೀರಿನ ಟ್ಯಾಂಕ್, ಸ್ಟೆಪ್ನಿ. ಸಾಮಾನು ತುಂಬಿದರೆ 640 ಕೆಜಿ, ವೇ ಬ್ರಿಡ್ಜ್‌ನಲ್ಲಿ ತೂಗಿಸಿದ್ದೇನೆ. ಟ್ರೈಲರ್‌ಗೆ ಬ್ರೇಕ್ ಇಲ್ಲ.

ನಾವು ಹೋಗುವುದು ನಿಟ್ಟೂರು ಕಡೆಯ ಚಿಕ್ಕಪ್ಪನ ತೋಟಕ್ಕೆ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ಹೋಗಬೇಕು. ಎರಡು ಗಂಟೆಗೂ ಜಾಸ್ತಿ ಟಾರ್ ರಸ್ತೆ, ಆಮೇಲೆ 6 ಕಿಲೋಮೀಟರ್ ತೋಟದ ದಾರಿ. ಟಾರ್ ಬಿಟ್ಟು 200 ಮೀಟರ್ ಹೋದರೆ ಮೊದಲ ಹಳ್ಳ. ಮಳೆ ಬಿಟ್ಟ ಮೇಲೂ ಮೊಣಕಾಲ ತನಕ ನೀರು. ಮುಂದೆ ಇನ್ನೆರಡು ಹಳ್ಳ, ಜಂಬಿಟ್ಟಿಗೆ ಕಲ್ಲಿನ ಚಡಾವು, ಒಂದು ಕಡೆ ದರೆ, ಇನ್ನೊಂದು ಕಡೆ ಕೊರಕಲು.

ಕಳೆದ ಸಲ ವಾಪಸ್ ಬರುವಾಗ ಹೊಸನಗರದ ಹತ್ತಿರ ಎಡ ಚಕ್ರದಿಂದ ಗರಗರ ಸದ್ದು. ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಮುಟ್ಟಿದರೆ ಕೈ ಸುಟ್ಟಿತು. ಬಲಗಡೆ ಬರೀ ಬೆಚ್ಚಗಿತ್ತು. ಹೊಸ ಬೇರಿಂಗ್ ಹಾಕಿಸಿ ಮೂರೇ ಟ್ರಿಪ್ ಆಗಿತ್ತು. ಜೊತೆಗೆ 70ರ ಮೇಲೆ ಹೋದರೆ ಟ್ರೈಲರ್ ಬಾಲ ಬೀಸುತ್ತದೆ. ಮಕ್ಕಳು ಹಿಂದೆ ಕೂತಿರುತ್ತಾರೆ, ನಿಜಕ್ಕೂ ಭಯವಾಗುತ್ತದೆ. ಬೇರೆ ಕಂಪನಿಯ ಬೇರಿಂಗ್ ಹಾಕಿದರೆ ಸರಿ ಹೋಗಬಹುದಾ?

ಹಳೇಜೀಪು (ಸಾಗರ):
ಹೊಸದು ತರುವ ಮೊದಲು ಹಳೇ ಬೇರಿಂಗ್ ನೋಡಿ ಸರ್. ರೋಲರ್ ನೀಲಿ ಬಣ್ಣಕ್ಕೆ ತಿರುಗಿದೆಯಾ, ತುಕ್ಕಿನ ಚುಕ್ಕೆ ಬಿದ್ದಿದೆಯಾ? ಗ್ರೀಸ್ ಹೇಗಿದೆ? ಬಿಚ್ಚಿದ ತಕ್ಷಣ ಒರೆಸಿ ಬಿಸಾಡಬೇಡಿ, ಅದರಲ್ಲೇ ಉತ್ತರ ಇರುತ್ತದೆ.

ತುಂಗಾತೀರ (ಶಿವಮೊಗ್ಗ):
ಇವತ್ತು ಬಿಚ್ಚಿದೆ. ಹೊರಗಿನ ಸಣ್ಣ ಬೇರಿಂಗ್ ಚೆನ್ನಾಗಿಯೇ ಇದೆ. ಒಳಗಿನ ದೊಡ್ಡದು ಹೋಗಿದೆ, ರೋಲರ್ ಮೇಲೆಲ್ಲ ಕಂದು ಚುಕ್ಕೆ. ಹಾಕುವಾಗ ಗ್ರೀಸ್ ನೀಲಿ ಇತ್ತು. ಈಗ ಹಾಲು ಜಾಸ್ತಿ ಹಾಕಿದ ಕಾಫಿ ಥರ ಇದೆ. ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳು ಸಿಗುತ್ತದೆ, ಕೆಂಪು ಮಣ್ಣಿನದ್ದು.

ಗ್ರೀಸ್‌ಕೈ (ತೀರ್ಥಹಳ್ಳಿ):
ಹಾಗಾದರೆ ಬೇರಿಂಗ್ ಕಂಪನಿ ಬದಲಿಸಿ ಪ್ರಯೋಜನ ಇಲ್ಲ ಮಾರಾಯ್ರೇ. ಹಬ್ ಒಳಗೆ ನೀರು ಹೋಗಿದೆ. ಗ್ರೀಸ್ ಬೆಳ್ಳಗಾಗುವುದು ನೀರು ಕಲೆಸಿದಾಗಲೇ. ಒಳಗಿನ ಬೇರಿಂಗ್ ಮಾತ್ರ ಹೋಗಿರುವುದರಿಂದ ನೀರು ಬಂದದ್ದು ಹಿಂದಿನ ಆಯಿಲ್ ಸೀಲ್ (ಗ್ರೀಸ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ಕಡೆಯಿಂದ.

ಎರಡು ಗಂಟೆ ಟಾರ್ ಮೇಲೆ ಓಡಿದ ಹಬ್ ಬಿಸಿ ಇರುತ್ತದೆ, ಒಳಗಿನ ಗಾಳಿಯೂ ಬಿಸಿ. ನೀವು ಸೀದಾ ಹೋಗಿ ತಣ್ಣೀರಿಗೆ ಇಳಿಸುತ್ತೀರಿ. ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ. ಆ ಜಾಗ ತುಂಬಲು ಹಬ್ ಹೊರಗಿನದನ್ನು ಒಳಗೆ ಎಳೆಯುತ್ತದೆ. ಹೊರಗೆ ಇರುವುದು ನೀರು. ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ಮಣ್ಣಿನ ಸಮೇತ ಹೀರಿಕೊಳ್ಳುತ್ತದೆ. ಹಳ್ಳದ ಮೊದಲು ಅರ್ಧ ಗಂಟೆ ನಿಲ್ಲಿಸಿ. ಹೇಗೂ ಅಲ್ಲೇ ಫೋರ್ ಲೋ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಹಾಕಬೇಕು, ಟೈರ್ ಗಾಳಿ ಇಳಿಸಬೇಕು, ನೀರಿನ ಆಳ ನೋಡಬೇಕು ಅಲ್ವಾ. ಹಬ್ ಮುಟ್ಟಿ ನೋಡಿ, ಆರಾಮಾಗಿ ಕೈ ಇಟ್ಟುಕೊಳ್ಳುವಷ್ಟು ತಣಿದ ಮೇಲೆ ಇಳಿಸಿ.

ಆದರೆ ಎಡಗಡೆ ಮಾತ್ರ ಯಾಕೆ? ಎರಡೂ ಚಕ್ರ ಅದೇ ನೀರಿಗೆ ಇಳಿದಿವೆ. ಸ್ಪಿಂಡಲ್ (ಹಬ್ ಕೂರುವ ಆಕ್ಸಲ್ ತುದಿ) ಒರೆಸಿ, ಸೀಲ್‌ನ ತುಟಿ ಕೂರುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ ಎಂದೇ ಅರ್ಥ. ನಮ್ಮ ಕೆಂಪು ಮಣ್ಣು ಸೀಲ್‌ಗೆ ಅಂಟಿಕೊಂಡು ಉಪ್ಪು ಕಾಗದದ ಹಾಗೆ ಕಬ್ಬಿಣವನ್ನೇ ಸವೆಸುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಆ ಗೆರೆಯಲ್ಲಿ ನೀರು ನುಗ್ಗುತ್ತದೆ.

ತುಂಗಾತೀರ (ಶಿವಮೊಗ್ಗ):
ಉಗುರು ಸಿಕ್ಕಿಕೊಂಡಿತು ಅಣ್ಣಾ! ಸುತ್ತಲೂ ದಾರದಷ್ಟು ಗೆರೆ. ಬಲಗಡೆ ನುಣ್ಣಗಿದೆ. ಹೋದ ಸಲ ಬೇರಿಂಗ್ ಹಾಕಿದವರು ಇದನ್ನು ನೋಡಲೇ ಇಲ್ಲ. ಆಕ್ಸಲ್ಲೇ ಬದಲಿಸಬೇಕಾ?

ಗ್ರೀಸ್‌ಕೈ (ತೀರ್ಥಹಳ್ಳಿ):
ಬೇಡ. ಲೇತ್ ಕೆಲಸದವರ ಹತ್ತಿರ ತಗೊಂಡು ಹೋಗಿ, ಆ ಜಾಗಕ್ಕೆ ತೆಳು ಸ್ಲೀವ್ (ಗೆರೆ ಮುಚ್ಚುವ ಲೋಹದ ಬಳೆ) ಕೂರಿಸಿಕೊಡುತ್ತಾರೆ. ಸೀಲ್ ಎರಡು ತುಟಿಯದ್ದು ತನ್ನಿ. ಗ್ರೀಸ್ ನೀರಿಗೆ ತೊಳೆದು ಹೋಗದ ಮೆರೀನ್ ಗ್ರೀಸ್ ಇರಲಿ. ಹಳೇ ಗ್ರೀಸ್ ಮೇಲೆ ಹೊಸದು ಮೆತ್ತಬೇಡಿ. ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ರೋಲರ್ ಸಂದಿಗೆಲ್ಲ ಅಂಗೈಯಲ್ಲಿ ಒತ್ತಿ ತುಂಬಿಸಿ. ಬೇರಿಂಗ್ ಜೊತೆ ಹಬ್ ಒಳಗಿನ ಕಪ್ (ರೋಲರ್ ಉರುಳುವ ಹೊರ ಬಳೆ) ಕೂಡ ಹೊಸದು ಬೇಕು, ಅದನ್ನು ಬಿಡಬೇಡಿ.

ನಟ್ಟು ಬಿಗಿಯುವಾಗ ತುಂಬ ಜನ ತಪ್ಪುತ್ತಾರೆ. ಚಕ್ರ ತಿರುಗಿಸುತ್ತಾ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ, ಬೇರಿಂಗ್ ಕೂತ ಮೇಲೆ ನಟ್ಟು ಸಡಿಲಿಸಿ. ಆಮೇಲೆ ಬರೀ ಬೆರಳಲ್ಲಿ ತಿರುಗುವಷ್ಟು ಬಿಗಿ ಮಾಡಿ ಸ್ಪ್ಲಿಟ್ ಪಿನ್ ಹಾಕಿ. ಪಿನ್ ತೂತು ಸರಿ ಬರದಿದ್ದರೆ ಸಡಿಲಿಸುವ ಕಡೆಗೇ ತಿರುಗಿಸಿ. ಜಾಸ್ತಿ ಬಿಗಿ ಮಾಡಿದರೆ ನೀರಿಲ್ಲದೆಯೂ ಬೇರಿಂಗ್ ಸುಡುತ್ತದೆ.

ಘಾಟಿಮನೆ (ಕೊಪ್ಪ):
ಸ್ಪ್ರಿಂಗ್ ಇರುವ ಗ್ರೀಸ್ ಕ್ಯಾಪ್ ಸಿಗುತ್ತದೆ, ಅದನ್ನೂ ಹಾಕಿ. ಒಳಗೆ ಸದಾ ಸ್ವಲ್ಪ ಒತ್ತಡ ಇರುತ್ತದೆ, ನೀರು ಹೋಗುವುದಿಲ್ಲ.

ಗ್ರೀಸ್‌ಕೈ (ತೀರ್ಥಹಳ್ಳಿ):
ಅದು ಒಳ್ಳೆಯದೇ, ಆದರೆ ಗ್ರೀಸ್ ಗನ್‌ನಲ್ಲಿ ಜಾಸ್ತಿ ಒತ್ತಿದರೆ ಹಿಂದಿನ ಸೀಲೇ ಹೊರಗೆ ಬರುತ್ತದೆ. ನನ್ನ ಟ್ರೈಲರ್‌ನಲ್ಲಿ ಹಾಗೇ ಆಯಿತು. ಮೊದಲು ಸ್ಲೀವ್ ಆಗಲಿ.

ಹಳೇಜೀಪು (ಸಾಗರ):
ಬಾಲ ಬೀಸುವ ವಿಷಯ ಯಾರೂ ಹೇಳಲಿಲ್ಲ. ನನಗೆ ಬೇರಿಂಗ್‌ಗಿಂತ ಅದೇ ಅಪಾಯ ಅನಿಸುತ್ತದೆ. ಟ್ರೈಲರ್‌ನ ಮೂತಿ ಗಾಡಿಯ ಕೊಕ್ಕೆ ಮೇಲೆ ಎಷ್ಟು ಭಾರ ಹಾಕುತ್ತಿದೆ? ಒಟ್ಟು ತೂಕದ ನೂರಕ್ಕೆ ಹತ್ತರಷ್ಟು ಇರಬೇಕು. ಮನೆಯಲ್ಲಿ ಮೈ ತೂಕ ನೋಡುವ ಮೆಷಿನ್ ಇದ್ದರೆ ಸಾಕು. ಸಾಮಾನು ತುಂಬಿ, ಸಮತಟ್ಟು ಜಾಗದಲ್ಲಿ, ಗಾಡಿಗೆ ಸಿಕ್ಕಿಸಿದಾಗ ಇರುವಷ್ಟೇ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ, ಮೂತಿಯನ್ನು ಅದರ ಮೇಲೆ ಕೂರಿಸಿ ತೂಗಿ. ಚಕ್ರಗಳಿಗೆ ಕಲ್ಲು ಕೊಡುವುದು ಮರೆಯಬೇಡಿ.

ತುಂಗಾತೀರ (ಶಿವಮೊಗ್ಗ):
28 ಕೆಜಿ.

ಹಳೇಜೀಪು (ಸಾಗರ):
ಅದಕ್ಕೇ ಸರ್! ಅಡುಗೆ ಪೆಟ್ಟಿಗೆ, ನೀರು, ಸ್ಟೆಪ್ನಿ ಎಲ್ಲ ಚಕ್ರದ ಹಿಂದೆ ಇದ್ದರೆ ಮೂತಿ ಹಗುರವಾಗುತ್ತದೆ. ಸ್ಟೆಪ್ನಿ ಮುಂದಿನ ಚಾಸಿಗೆ ತನ್ನಿ, ನೀರಿನ ಟ್ಯಾಂಕ್ ಆಕ್ಸಲ್‌ನಿಂದ ಸ್ವಲ್ಪ ಮುಂದಕ್ಕೆ ಬರಲಿ. 60-65 ಕೆಜಿ ಬರುವ ತನಕ ಸಾಮಾನು ಸರಿಸಿ. ಕೊಕ್ಕೆ ಅಷ್ಟು ಭಾರ ತಡೆಯುತ್ತದಾ ಎಂದು ಅದರ ಪ್ಲೇಟ್ ಮೇಲೆ ನೋಡಿಕೊಳ್ಳಿ. ಅದು ಆಗುವ ತನಕ ಟಾರ್ ಮೇಲೆ 60 ದಾಟಬೇಡಿ.

ಘಾಟಿಮನೆ (ಕೊಪ್ಪ):
ಇಳಿಜಾರಿನ ಬಗ್ಗೆ ಒಂದು ಮಾತು. ಬ್ರೇಕ್ ಇಲ್ಲದ ಟ್ರೈಲರ್ ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ತಳ್ಳುತ್ತದೆ. ತುದಿಯಲ್ಲೇ ಫೋರ್ ಲೋ, ಫಸ್ಟ್ ಗೇರ್ ಹಾಕಿ, ಕ್ಲಚ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಟ್ರೈಲರ್ ಪಕ್ಕಕ್ಕೆ ಬರಲು ಶುರು ಮಾಡಿದರೆ ಬ್ರೇಕ್ ಒತ್ತಬೇಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಳೆದು ನೇರ ಮಾಡಿ. ಮನಸ್ಸು ಒಪ್ಪುವುದಿಲ್ಲ, ಆದರೆ ಅದೇ ದಾರಿ. ಹಿಂದಿನ ದಿನ ಮಳೆ ಬಂದಿದ್ದರೆ ಟ್ರೈಲರನ್ನು ಇಳಿಜಾರಿನ ಮೇಲ್ತುದಿಯಲ್ಲೇ ಬಿಟ್ಟು ಹೋಗಿ.

ತುಂಗಾತೀರ (ಶಿವಮೊಗ್ಗ):
ಹೋಗಿ ಬಂದೆವು. ಸ್ಲೀವ್, ಹೊಸ ಬೇರಿಂಗ್, ಎರಡು ತುಟಿಯ ಸೀಲ್ ಎಲ್ಲ ಆಯಿತು. ಮೂತಿ ಭಾರ ಈಗ 63 ಕೆಜಿ. ಮೊದಲು ಬೆವರು ಬರುತ್ತಿದ್ದ ಜಾಗದಲ್ಲೂ ಟ್ರೈಲರ್ ಗಾಡಿ ಹಿಂದೆ ನೆಟ್ಟಗೆ ಬಂತು.

ಮೊದಲ ಹಳ್ಳದ ದಡದಲ್ಲಿ 40 ನಿಮಿಷ ನಿಲ್ಲಿಸಿದೆವು. ಟೈರ್ ಗಾಳಿ 35ರಿಂದ 24ಕ್ಕೆ ಇಳಿಸಿದೆ. ಮನೆಯವರು ಫ್ಲಾಸ್ಕಿನ ಕಷಾಯ ಕೊಟ್ಟರು. ಚಿಕ್ಕವಳು ಹತ್ತು ನಿಮಿಷಕ್ಕೊಮ್ಮೆ ಹಬ್ ಮುಟ್ಟಿ "ಇನ್ನೂ ಬಿಸಿ ಅಪ್ಪಾ" ಎನ್ನುತ್ತಿದ್ದಳು. ಅವಳು ಕೈ ತೆಗೆಯದೆ ನಿಂತ ಮೇಲೆ ನೀರಿಗೆ ಇಳಿದೆವು.

ವಾಪಸ್ ಬರುವಾಗ ಹೊಸನಗರದಲ್ಲಿ, ರಿಪ್ಪನ್‌ಪೇಟೆಯಲ್ಲಿ ನಿಲ್ಲಿಸಿ ನೋಡಿದೆ. ಎರಡೂ ಹಬ್ ಒಂದೇ ಸಮ ಬೆಚ್ಚಗೆ. ಇವತ್ತು ಬೆಳಿಗ್ಗೆ ಎಡಗಡೆ ಬಿಚ್ಚಿದೆ. ಗ್ರೀಸ್ ಹಾಕಿದ ಬಣ್ಣದಲ್ಲೇ ಇದೆ, ಬೆರಳಿಗೆ ಒಂದು ಕಾಳು ಮರಳೂ ಸಿಗಲಿಲ್ಲ. ಬಲಗಡೆಗೂ ಅದೇ ಸೀಲ್ ತಂದಿಟ್ಟಿದ್ದೇನೆ, ಭಾನುವಾರ ಹಾಕುತ್ತೇನೆ.