ಸ್ಟೆಂಟ್ ಹಾಕಿಸಿದ ಮ್ಯಾಲ ಸಕ್ಕರಿ ಅಂಚಿಗೆ ಬಂದೈತಿ, ಅನುಭವ ಇದ್ದವರು ಹೇಳ್ರಿ

ಸಿಂಧನೂರಿನಿಂದ: ಅಪ್ಪಾಜಿಗೆ 58 ವರ್ಷ, ಹೋದ ವರ್ಷ ಹೃದಯದ ರಕ್ತನಾಳಕ್ಕ ಸ್ಟೆಂಟ್ ಹಾಕಿಸೀವಿ. ಮೊನ್ನಿನ ರಿಪೋರ್ಟಿನಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 64, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್) 31, ಟ್ರೈಗ್ಲಿಸರೈಡ್ (ರಕ್ತದಾಗಿನ ಕೊಬ್ಬು) 248, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರಿ) 6.1. ಕೊಲೆಸ್ಟ್ರಾಲ್ ಗುಳಿಗಿಯಿಂದನ ಸಕ್ಕರಿ ಬರ್ತೈತಿ, ಬಿಡಿಸಿಬಿಡು ಅಂತ ಬೀಗರು ಹೇಳಾಕತ್ತಾರ. ಏನ್ ಮಾಡ್ಲಿ?

ಗಂಗಾವತಿಯಿಂದ: ತಮ್ಮಾ, ಡಾಕ್ಟರನ್ನ ಕೇಳದ ಗುಳಿಗಿ ಬಿಡಿಸಬ್ಯಾಡ. ಇಂಥಾದ್ದ ಮಾತು ಕೇಳಿ ನಮ್ಮ ಮನಿಯವರು ಎರಡು ತಿಂಗಳು ಬಿಟ್ರು. 68 ಇದ್ದ ಎಲ್‌ಡಿಎಲ್ 139ಕ್ಕ ಹೋತು. ಆ ಚೀಟಿ ಹಿಡಕೊಂಡು ನಾನು ದವಾಖಾನಿ ಬಾಕಿನ ಮ್ಯಾಲ ಅತ್ತೀನಿ. ಸ್ಟ್ಯಾಟಿನ್ ಅನ್ನೋ ಈ ಕೊಲೆಸ್ಟ್ರಾಲ್ ಗುಳಿಗಿಯಿಂದ ಸಕ್ಕರಿ ಒಂಚೂರು ಏರೋದು ಖರೆ, ಅದೂ ಹೆಚ್ಚಾಗಿ ಮೊದಲ ಅಂಚಿನಾಗ ಇದ್ದವರಿಗೆ. ಆದ್ರ ಇನ್ನೊಂದು ಹಾರ್ಟ್ ಅಟ್ಯಾಕ್ ತಡಿಯೋ ಲಾಭ ಅದಕ್ಕಿಂತ ಭಾಳ ದೊಡ್ಡದು.

ನೀ ನೋಡಬೇಕಾದ್ದು ಉಳಿದ ಎರಡು ಅಂಕಿ, ಟ್ರೈಗ್ಲಿಸರೈಡ್ ಮತ್ತ ಎಚ್‌ಡಿಎಲ್. ಎಲ್‌ಡಿಎಲ್ 70ರ ಕೆಳಗ ಬಂತು, ಗೆದ್ವಿ ಅಂತ ನಾವೂ ಕುಂತಿದ್ವಿ. ಹೊಟ್ಟಿ ಸುತ್ತ ಬೊಜ್ಜು ಬೆಳೆದು ಇನ್ಸುಲಿನ್ ಮಾತು ಮೈ ಕೇಳದಂಗಾದ್ರ, ಲಿವರ್ ಹೆಚ್ಚು ಟ್ರೈಗ್ಲಿಸರೈಡ್ ರಕ್ತಕ್ಕ ಬಿಡ್ತೈತಿ, ಎಚ್‌ಡಿಎಲ್ ಇಳೀತೈತಿ. ಗಂಡಸರಿಗೆ ಟ್ರೈಗ್ಲಿಸರೈಡ್ 150 ದಾಟಿ, ಎಚ್‌ಡಿಎಲ್ 40ರ ಕೆಳಗ ಜೋಡಿಯಾಗಿ ಬಂದ್ರ ಸಕ್ಕರಿ ಕಾಯಿಲಿಗೆ ದಾರಿ ಆಗಾಕತ್ತೈತಿ ಅಂತ ಎಚ್ಚರ ಆಗಬೇಕು. ಎಚ್‌ಬಿಎ1ಸಿ 6.5 ಬಂದ್ರ ಸಕ್ಕರಿ ಕಾಯಿಲಿ. ಅಪ್ಪಾಜಿ ಇನ್ನೂ ಈ ಕಡೆ ಅದಾರ. ಟೇಪ್ ತಗೊಂಡು ಹೊಟ್ಟಿ ಅಳಿ, 90 ಸೆಂಟಿಮೀಟರ್ ಒಳಗ ಇರಬೇಕು.

ಕಾಲುವಿ ನೀರು ಬಂದ ಮ್ಯಾಲ ನಮ್ಮ ಜ್ವಾಳದ ಹೊಲ ಭತ್ತದ ಗದ್ದಿ ಆದ್ವು, ತಾಟಿನಾಗೂ ಮೂರು ಹೊತ್ತು ಸೋನಾಮಸೂರಿನ ಆತು. ರಾತ್ರಿ ಅವರಿಗೆ ನಾಲ್ಕು ಸೌಟು ಅನ್ನ ಬೇಕಿತ್ತು. ಈಗ ಒಂದ ಸೌಟು, ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು. ಸಂಜಿ ಮಿರ್ಚಿ, ಸಕ್ಕರಿ ಚಹಾ ನಿಂತ್ವು. ಬ್ಯಾಸಗ್ಯಾಗ ಹೊತ್ತು ಏರಿದ್ರ ನಡಿಯಾಕ ಆಗಂಗಿಲ್ಲ, ಐದೂವರಿಗೇ ಎಬ್ಬಿಸ್ತೀನಿ. ಎಂಟು ತಿಂಗಳಿಗೆ ಟ್ರೈಗ್ಲಿಸರೈಡ್ 262ರಿಂದ 158ಕ್ಕ ಬಂತು. ಎಚ್‌ಡಿಎಲ್ ಮಾತ್ರ 33ರಿಂದ 36, ಅಷ್ಟ.

ರಾಯಚೂರಿನಿಂದ: ನಾನು ಲ್ಯಾಬ್‌ನಾಗ ಕೆಲಸ ಮಾಡ್ತೀನಿ. ರಕ್ತ ಕೊಟ್ಟದ್ದು ಖಾಲಿ ಹೊಟ್ಟಿಗೇನ್ರಿ? ಉಂಡು ಬಂದ್ರ, ಹಿಂದಿನ ರಾತ್ರಿ ಕುಡಿದಿದ್ರ ಟ್ರೈಗ್ಲಿಸರೈಡ್ ಏರಿ ಕಾಣ್ತದ. 10ರಿಂದ 12 ತಾಸು ಬರೀ ನೀರು ಕುಡಿದು ಇನ್ನೊಮ್ಮೆ ಕೊಡಸ್ರಿ.

ಬಳ್ಳಾರಿಯಿಂದ: ಬೈಪಾಸ್ ಆದ ಮ್ಯಾಲ ನಾನು ಬರೀ ಖಾಲಿ ಹೊಟ್ಟಿ ಸಕ್ಕರಿ ನೋಡಿಸ್ತಿದ್ದೆ. 108, 112 ಬರ್ತಿತ್ತು, ಸುಮ್ಮನಿದ್ದೆ. 100 ದಾಟಿದ್ರನ ಎಚ್ಚರ ಆಗಬೇಕಿತ್ತು. ಮೂರು ವರ್ಷದ ಮ್ಯಾಲ ಎಚ್‌ಬಿಎ1ಸಿ ಮಾಡಿಸಿದಾಗ 7.4. ವರ್ಷಕ್ಕೊಮ್ಮೆ ಅದನ್ನ ತಪ್ಪಿಸಬ್ಯಾಡ್ರಿ.

ಸಿಂಧನೂರಿನಿಂದ: ಅಕ್ಕಾರ, ಗುಳಿಗಿ ನಿನ್ನೆ ರಾತ್ರಿನೂ ಕೊಟ್ಟೀನಿ. ಅಪ್ಪಾಜಿ ಅವತ್ತು ಉಪ್ಪಿಟ್ಟು ತಿಂದು, ಚಹಾ ಕುಡಿದು ರಕ್ತ ಕೊಟ್ಟಿದ್ರಂತ. ಸೋಮವಾರ ಖಾಲಿ ಹೊಟ್ಟಿಗೆ ಕರಕೊಂಡು ಹೋಗ್ತೀನಿ. ಹೊಟ್ಟಿ ಅಳತಿ 101 ಬಂತು.